ಬುಗುಡಿಯ ತಿರುಪು

ಹುಮನಾಬಾದಿನ ಪರೀಕ್ಷಾ ಕೇಂದ್ರದ ಗೇಟು ಮುಚ್ಚಲು ಐದೇ ನಿಮಿಷ ಉಳಿದಿತ್ತು. ವಿದ್ಯಾವತಿಯ ಜುಮಕಿಗಳು ಸಲೀಸಾಗಿ ಬಿಚ್ಚಿ ಬಂದಿದ್ದವು. ಕಿವಿಯ ಮೇಲಂಚಿನ ಬುಗುಡಿಯ ತಿರುಪು ಮಾತ್ರ ಜಗ್ಗಲಿಲ್ಲ. ಒಡವೆ ಹಾಕಿಕೊಂಡವರನ್ನು ಒಳಗೆ ಬಿಡುವಂತಿಲ್ಲವೆಂದು ಪೊಲೀಸಮ್ಮ ಹೇಳಿಯಾಗಿತ್ತು.

"ಹೋಗಲಿ ಬಿಡ್ರಿ ಅತ್ತಿ. 'ನನ್ನ ಮಗ ಇರೋತನಕ ತೆಗೀಬ್ಯಾಡ' ಅಂತ ಹೇಳಿ ನೀವೇ ಬಿಗಿದಿದ್ರಿ," ಎಂದಳು ವಿದ್ಯಾವತಿ.

ಮದುವೆಯ ಹಂದರದಲ್ಲಿ ಆಡಿದ ಆ ಮಾತು ರುಕ್ಮಿಣಿಬಾಯಿಗೆ ನೆನಪಿತ್ತು. ಮಾಣಿಕನಗರದ ಪ್ರಭುಗಳ ಗುಡಿಯ ಕಡೆ ತಿರುಗಿ ಕೈಮುಗಿದಳು. "ನನ್ನ ಮಗನ್ನ ಕಾಯಾಕ ಪ್ರಭು ಅದಾರ. ನೀ ಬಗ್ಗು."

ಸೊಸೆಯ ಕಿವಿಗೆ ಬಾಯಿ ಹಚ್ಚಿ, ತಿರುಪನ್ನು ಹಲ್ಲಿನಲ್ಲಿ ಕಚ್ಚಿ ಕತ್ತು ಹೊರಳಿಸಿದಳು. ಸಾಲಿನಲ್ಲಿದ್ದ ಹುಡುಗಿಯರು ಕಿಸಕ್ಕೆಂದರು. ತಿರುಪು ಕಡೆಗೂ ಸಡಿಲಾಗಿ ನಾಲಿಗೆಯ ಮೇಲೆ ಬಿತ್ತು. ಅದನ್ನು ಸೆರಗಿಗೆ ಉಗುಳಿ, "ಇನ್ನೊಂದು ಕಿವಿ ಈ ಕಡಿ ಮಾಡು," ಎಂದಳು.