ಎರಡನೇ ಬಟನ್

"ಈಗ ಎರಡನೇ ಬಟನ್ ಒತ್ತಿ," ಎಂದಳು ಟೀಚರ್.

ಸ್ಟಿಯರಿಂಗ್ ಹಿಂದೆ ಕುಳಿತಿದ್ದ ಬ್ಯಾಂಕ್ ಮ್ಯಾನೇಜರ್ ಬಾಗಿಲ ಮೇಲಿದ್ದ ಬಟನ್ ಒತ್ತಿದಳು. ಸೀಟು ಸದ್ದಿಲ್ಲದೆ ಮುಂದಕ್ಕೆ ಸರಿದು ಮೇಲಕ್ಕೆದ್ದಿತು. ಅವಳ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯಿತು.

"ಅಯ್ಯಯ್ಯೋ! ಯಾರಿಗ್ರೀ ಇದನ್ನ ಸೆಟ್ ಮಾಡಿರೋದು?"

ಟೀಚರಿಗೂ ತಿಳಿಯಬೇಕಾಗಿದ್ದುದು ಅದೇ.

ಮ್ಯಾನೇಜರ್ ಸೀಟನ್ನು ಹಿಂದಕ್ಕೆ ತಳ್ಳಿಕೊಂಡು ಬಡಾವಣೆಯನ್ನು ಒಂದು ಸುತ್ತು ಹಾಕಿದಳು. "ಹೊರಗಿಂದ ಪುಟ್ಟ ಗಾಡಿ, ಒಳಗೆ ಸೋಫಾ ಮೇಲೆ ಕೂತ ಹಾಗಿದೆ. ಹಂಪ್ ದಾಟಿದ್ದೇ ತಿಳೀಲಿಲ್ಲ ನೋಡಿ!" ಟೀಚರ್ ರಸ್ತೆ ನೋಡುತ್ತಿರಲಿಲ್ಲ. ಮ್ಯಾನೇಜರಳ ಬೆರಳುಗಳನ್ನೇ ನೋಡುತ್ತಿದ್ದಳು. ಎಸಿ ಎಲ್ಲಿದೆಯೆಂದು ಆ ಬೆರಳುಗಳು ತಡಕಾಡಿದವು. ಈ ಕಾರಿನ ಪರಿಚಯವಿದ್ದವಳು ತಡಕಾಡುವುದಿಲ್ಲ.

ಇವಳಲ್ಲ.

"ಇನ್ನೂ ಇಬ್ಬರು ನೋಡ್ತಾರಂತೆ, ಆಮೇಲೆ ಹೇಳ್ತೀನಿ," ಎಂದು ಟೀಚರ್ ಅವಳನ್ನು ಗೇಟಿನ ಬಳಿ ಸಾಗಹಾಕಿದಳು.

ಆ ಕಾರೆಂದರೆ ಅವಳ ಗಂಡನಿಗೆ ಪ್ರಾಣ. ಕೊಂಡು ವರ್ಷ ತುಂಬುವ ಮೊದಲೇ ಅವನು ಆಫೀಸಿನ ಕುರ್ಚಿಯಲ್ಲಿ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ. ಟೀಚರಿಗೆ ಕಾರು ಓಡಿಸಲು ಬಾರದು; ರಸ್ತೆಯೆಂದರೇ ಭಯ. ಮಾರಿಬಿಡೋಣವೆಂದು ದಲ್ಲಾಳಿಯೊಬ್ಬನನ್ನು ಕರೆಸಿದ್ದಳು. ಸೀಟಿನ ಜಾಗ ನೆನಪಿಟ್ಟುಕೊಳ್ಳುವ ಬಟನ್‌ಗಳಲ್ಲಿ ಅವನು ಮೊದಲನೆಯದನ್ನು ಒತ್ತಿದ. ಸೀಟು ಗಂಡನ ಉದ್ದ ಕಾಲುಗಳಿಗೆ ತಕ್ಕಂತೆ ಹಿಂದಕ್ಕೆ ಹೋಯಿತು. ಎರಡನೆಯದು ಒತ್ತಿದ; ಯಾರೋ ಕುಳ್ಳಗಿನವರಿಗೆಂಬಂತೆ ಅದು ಮುಂದಕ್ಕೆ ಬಂತು.

"ಇದು ನಿಮ್ಮದಾ ಮೇಡಂ?" ಎಂದವನು, ಅವಳ ಎತ್ತರ ನೋಡಿ ಬಾಯಿ ಮುಚ್ಚಿಕೊಂಡ.

ಆ ಸೀಟಿನಲ್ಲಿ ಇನ್ಯಾವಳೋ ಕೂರುತ್ತಿದ್ದಳು ಎಂದುಕೊಂಡಳು ಟೀಚರ್. ಅಳುವುದಕ್ಕೂ ಆಗಲಿಲ್ಲ. ಯಾರಿಗಾಗಿ ಅಳುತ್ತಿದ್ದೇನೆ ಎಂಬುದೇ ಅನುಮಾನವಾಗಿತ್ತು. ದಲ್ಲಾಳಿಯನ್ನು ಕಳುಹಿಸಿ ತಾನೇ ಜಾಹೀರಾತು ಹಾಕಿದಳು: ಕಾಂಪ್ಯಾಕ್ಟ್ ಲಕ್ಸುರಿ ಎಸ್‌ಯುವಿ, ಮಹಿಳೆಯರು ಬಂದು ಓಡಿಸಿ ನೋಡಬಹುದು. ಅದನ್ನು ನೋಡಿ ಆ ಇನ್ನೊಬ್ಬಳು ಬಂದೇ ಬರುತ್ತಾಳೆ. ಕೊಳ್ಳದಿದ್ದರೂ, ಇನ್ನೊಮ್ಮೆ ಕೂತು ನೋಡುವ ಆಸೆಗಾದರೂ.

ಅತ್ತೆಗೆ ಇದು ಸರಿಬರಲಿಲ್ಲ. "ಮಾರಬೇಡಮ್ಮ, ಇರಲಿ ಬಿಡು," ಎಂದು ಮೊದಲ ದಿನವೇ ಹೇಳಿದ್ದರು. ಯಾರಾದರೂ ಓಡಿಸಿ ನೋಡಲು ಬಂದರೆ ಕೋಣೆ ಸೇರಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಬಂದವರು ಹೋದಮೇಲೆ ಮೆಲ್ಲಗೆ ಹೊರಬಂದು, "ಒಪ್ಪಿದ್ರಾ?" ಎನ್ನುವರು. ಇಲ್ಲವೆಂದರೆ ಅವರ ಮುಖ ಸಡಿಲವಾಗುತ್ತಿತ್ತು. "ಬಾ, ಕಾಫಿ ಮಾಡ್ತೀನಿ. ಮೇಲಿಂದ ಆ ಡಬ್ಬ ಇಳಿಸಿಕೊಡು, ನನಗೆ ಎಟಕಲ್ಲ."

ಮಗನ ಗುಟ್ಟು ಇವರಿಗೆ ಗೊತ್ತಿದೆ ಎಂದು ಟೀಚರಿಗೆ ಅನ್ನಿಸತೊಡಗಿತು.

ಭಾನುವಾರ ಬಂದವಳು ಗಂಡನ ಆಫೀಸಿನ ಅಕೌಂಟೆಂಟ್. ಪುಟ್ಟ ಆಳು. ಕಣ್ಣಂಚು ಒದ್ದೆಯಾಗಿತ್ತು. "ಸರ್ ಈ ಗಾಡಿ ಬಗ್ಗೆ ಎಷ್ಟು ಹೇಳ್ತಿದ್ರು ಮೇಡಂ," ಎಂದು ಬಾನೆಟ್ ಸವರಿದಳು.

ಟೀಚರ್ ಬಾಗಿಲು ತೆರೆದು ಹಿಡಿದಳು. "ಕೂತ್ಕೊಳ್ಳಿ. ಎರಡನೇ ಬಟನ್ ಒತ್ತಿ."

ಸೀಟು ಮುಂದೆ ಬಂತು, ಮೇಲೆದ್ದಿತು, ನಿಂತಿತು. ಅಕೌಂಟೆಂಟಳ ಪಾದ ಸರಿಯಾಗಿ ಬ್ರೇಕಿನ ಮೇಲಿತ್ತು. "ಅರೆ, ನನಗಂತಲೇ ಮಾಡಿದ ಹಾಗಿದೆ!"

ಟೀಚರ್ ಹಲ್ಲು ಕಚ್ಚಿದಳು. "ಹೊರಡಿ ಮತ್ತೆ."

ಅಕೌಂಟೆಂಟ್ ಕೀ ಹಿಡಿದುಕೊಂಡು ಸ್ಟಿಯರಿಂಗ್ ಕೆಳಗೆ ಬಗ್ಗಿ ನೋಡಿದಳು. "ಇದನ್ನ ಎಲ್ಲಿ ಹಾಕೋದು ಮೇಡಂ?" ಕಾರು ಶುರುವಾಗುವುದು ಬಟನ್ ಒತ್ತಿದರೆಂದು ಟೀಚರೇ ತೋರಿಸಬೇಕಾಯಿತು. ಹ್ಯಾಂಡ್‌ಬ್ರೇಕಿಗೆಂದು ಪಕ್ಕಕ್ಕೆ ಕೈ ಹಾಕಿದಳು. ಈ ಕಾರಿನಲ್ಲಿ ಅದಕ್ಕೂ ಬಟನ್ನೇ; ಬರಿಗೈ ಮೇಲೆ ಬಂತು. ನಟನೆಯೋ, ನಿಜವೋ?

"ಇವರು ನಿಮ್ಮನ್ನ ಯಾವತ್ತೂ ಇದರಲ್ಲಿ ಕೂರಿಸಿಕೊಂಡು ಹೋಗಿಲ್ವಾ?"

"ಎಲ್ಲಿ ಮೇಡಂ! ಮಧ್ಯಾಹ್ನ ಬ್ಯಾಂಕ್‌ಗೆ ಬಿಡಿ ಸರ್ ಅಂದ್ರೆ ಆಗಲ್ಲ ಅಂತಿದ್ರು. ದಿನಾ ಆ ಹೊತ್ತಿಗೆ ಮನೆಗೆ ಓಡ್ತಿದ್ರಲ್ಲ."

ಟೀಚರ್ ಮುಖ ಆಚೆ ತಿರುಗಿಸಿದಳು. ಮಧ್ಯಾಹ್ನ ಅವಳು ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಿದ್ದಳು. ಊಟಕ್ಕೆ ಮನೆಗೆ ಬರುತ್ತೇನೆಂದು ಅವನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಅಕೌಂಟೆಂಟ್ ಹೋದದ್ದೇ ತಡ, ಟೀಚರ್ ನೇರ ಅಡುಗೆಮನೆಗೆ ನುಗ್ಗಿದಳು. ಅತ್ತೆ ಬೀನ್ಸ್ ಹೆಚ್ಚುತ್ತಿದ್ದರು.

"ಮಧ್ಯಾಹ್ನ ಅವರು ಮನೆಗೆ ಬರ್ತಿದ್ರಾ?"

ಚಾಕು ನಿಂತಿತು. "ಬರ್ತಿದ್ದ."

"ಯಾರ ಜೊತೆ?"

"ಒಬ್ಬನೇ."

"ಇಲ್ಲಿಂದ ಹೋಗುವಾಗ?"

ಅತ್ತೆ ತಲೆ ಎತ್ತಲಿಲ್ಲ. "ಹೋಗುವಾಗ ಒಬ್ಬನೇ ಇರ್ತಿರಲಿಲ್ಲ."

ಟೀಚರ್ ಅವರ ಮುಂದೆ ಬಂದು ನಿಂತಳು. "ಅವಳು ಯಾರು ಅಂತ ನಿಮಗೆ ಗೊತ್ತು."

"ಗೊತ್ತು. ನಿನಗೆ ಹೇಳಬಾರದು ಅಂತ ನನ್ನ ಕೈಲಿ ಮಾತು ತಗೊಂಡಿದ್ದ."

"ಸತ್ತವರ ಮಾತು ಉಳಿಸೋಕೆ ಬದುಕಿರೋಳನ್ನ ಸುಡ್ತಿದೀರಲ್ಲ ಅತ್ತೆ! ಆ ಸೀಟಲ್ಲಿ ಕೂರ್ತಿದ್ದೋಳ ಮುಖ ನಾನು ನೋಡಬೇಕು. ಒಂದೇ ಒಂದು ಸಲ."

ಅತ್ತೆ ಚಾಕು ಕೆಳಗಿಟ್ಟು ಸೊಸೆಯನ್ನು ನೋಡಿದರು. ಏನು ಅರ್ಥವಾಯಿತೋ, ಅವರ ಮುಖದ ಬಣ್ಣವೇ ಬದಲಾಯಿತು. "ಅಯ್ಯೋ ಹುಚ್ಚಿ," ಎಂದರು. "ಇಷ್ಟು ದಿನ ಇದನ್ನ ತಲೇಲಿ ಇಟ್ಕೊಂಡಿದ್ಯಾ?"

"ಕರ್ಕೊಂಡು ಹೋಗ್ತೀರೋ ಇಲ್ವೋ?"

"ಕೀ ಕೊಡು." ಒದ್ದೆ ಕೈ ಒರೆಸಿಕೊಂಡು, ಸೊಸೆಯ ಕೈಯಿಂದ ಕೀ ತೆಗೆದುಕೊಂಡು ಅತ್ತೆ ಅಂಗಳಕ್ಕೆ ನಡೆದರು.

"ಕೀ ಯಾಕೆ? ಓಡಿಸೋರು ಯಾರಿದಾರೆ ಇಲ್ಲಿ? ಟ್ಯಾಕ್ಸಿ ಕರೀತೀನಿ ಇರಿ," ಎನ್ನುತ್ತ ಟೀಚರ್ ಹಿಂದೆಯೇ ಓಡಿದಳು. ಫೋನ್ ತೆಗೆಯುವಷ್ಟರಲ್ಲಿ ಕಾರಿನ ದೀಪಗಳು ಹೊತ್ತಿಕೊಂಡವು. ಕಂಬಕ್ಕೆ ತಾಕದಂತೆ, ಆ ಇಕ್ಕಟ್ಟಾದ ಗೇಟಿನಿಂದ, ಕಾರು ಒಂದೇ ಸಲಕ್ಕೆ ಹಿಮ್ಮುಖವಾಗಿ ಬೀದಿಗಿಳಿಯಿತು.

ಕಿಟಕಿಯ ಗಾಜು ಕೆಳಗಿಳಿಯಿತು. ಕನ್ನಡಕವನ್ನು ಮೂಗಿನ ಮೇಲೇರಿಸುತ್ತ ಅತ್ತೆ ಹೇಳಿದರು: "ಲೈಸೆನ್ಸ್ ಬಂದ ದಿನ ನಿನ್ನ ಶಾಲೆ ಮುಂದೆ ತಂದು ನಿಲ್ಸೋಣಮ್ಮ ಅಂತಿದ್ದ ಕಣೇ."