ಹಂಡೆಯೊಳಗಿನ ಹಳ್ಳ

“ಕರಡಿಬಂಡೆ ಬಳಸಿ ಎಡಕ್ಕೆ ತಿರುಗ್ಬೇಕು, ಮರೀಬ್ಯಾಡ ಮಗ,” ಎನ್ನುತ್ತ ಕೇತಮ್ಮ ಹಂಡೆಯೊಳಗಿನ ಹಳ್ಳಕ್ಕೆ ಒದ್ದೆ ಗೋಣಿ ಹೊದಿಸಿದಳು. ಬೇಸಿಗೆಯಲ್ಲಿ ಬಡಕಲಾದ ಹಳ್ಳವನ್ನು ಬೆಟ್ಟದಿಂದ ಹೊತ್ತು ತಂದು, ಮಳೆ ಬರುವವರೆಗೆ ದಿನವೂ ಅದರ ದಾರಿ ಹೇಳಿಕೊಡಬೇಕು. ದಾರಿ ಮರೆತ ಹಳ್ಳ ಕಾಡಿಗೆ ಮರಳುವುದಿಲ್ಲ.

ಪಟ್ಟಣದ ನೀರಿನ ಆಫೀಸಿನಿಂದ ಬಂದಿದ್ದ ರೇವಣ್ಣ ಜಗಲಿಯಲ್ಲೇ ಕುಳಿತಿದ್ದ. “ನಮ್ಮ ತಣ್ಣನೆ ಟ್ಯಾಂಕಲ್ಲಿ ಇರ್ಲಿ ಅವ್ವ. ನಿನ್ನ ದನಿ ರೆಕಾರ್ಡ್ ಮಾಡ್ಕೊಂಡು ದಿನಾ ಕೇಳಿಸ್ತೀವಿ. ನಿಂಗೂ ವಯಸ್ಸಾಯ್ತು.”

ಹಂಡೆ ಗುಳುಗುಳು ಎಂದಿತು.

“ಹ್ಞೂಂ, ನೀರುನಾಯಿ ಮರಿ ಹಾಕೈತೆ, ಮೂರು. ನಿನ್ನೇ ಕಾಯ್ತಾವೆ,” ಎಂದು ಹಳ್ಳಕ್ಕೆ ಉತ್ತರಿಸಿದ ಕೇತಮ್ಮ ರೇವಣ್ಣನ ಕಡೆ ತಿರುಗಿದಳು. “ನಡುನಡುವೆ ಹಿಂಗೆ ಕೇಳ್ತೈತೆ ಕಣಪ್ಪ. ನಿನ್ನ ರೆಕಾರ್ಡು ಏನಂತೈತೆ?”

ರೇವಣ್ಣ ತಲೆ ಕೆರೆದುಕೊಂಡ. “ಒಂದೇ ಒಂದು ಬೇಸ್ಗೆ ನೋಡಾನ, ಅವ್ವ.”

“ಕೊಡಾಕಿಲ್ಲ.”