ಕಾಗೆ ಎತ್ಕೊಂಡು ಹೋಯ್ತು

ಮಕ್ಕಳ ಬೆಳವಣಿಗೆಯ ಪಾಠಕ್ಕಾಗಿ ನಾನು ಕೂಸಿರುವ ಯಾವುದಾದರೊಂದು ಮನೆಗೆ ಹೋಗಿ ನೋಡಿ ಬರಬೇಕಿತ್ತು. ಪಕ್ಕದ ಮನೆಗೇ ಹೋದೆ. ಅಲ್ಲಿ ಆರು ತಿಂಗಳ ಮಗು, ಅದರ ಅಮ್ಮ, ಮತ್ತು ಊರಿನಿಂದ ಬಂದಿದ್ದ ಅವಳ ವಾರಗಿತ್ತಿ. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಿಲ್ಲದ ಆಕೆ, ಒಳಕೋಣೆಯಲ್ಲಿ ಕುಳಿತು ಮಗುವಿನ ಬಟ್ಟೆಗಳನ್ನು ಮಡಚುತ್ತಿದ್ದರು.

ಮಗು ನೋಡುತ್ತಿರುವಾಗಲೇ ಗಿಲಕಿಯ ಮೇಲೆ ಟವೆಲ್ ಮುಚ್ಚಿದೆ. ಅದು ಹುಡುಕಲಿಲ್ಲ. ತನ್ನ ಕಾಲ್ಬೆರಳು ಹಿಡಿದು ಆಡತೊಡಗಿತು.

"ಕಾಗೆ ಎತ್ಕೊಂಡು ಹೋಯ್ತಾ ಪುಟ್ಟೀ?" ಅಮ್ಮ ನಕ್ಕಳು. "ಇಷ್ಟು ಬೇಗ ಮರೆತ್ಯಾ, ಕಳ್ಳಿ!"

"ಈ ವಯಸ್ಸಲ್ಲಿ ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಅಂತ ಲೆಕ್ಕ," ಎಂದೆ, ಕೇಳುವವರು ಸಿಕ್ಕ ಖುಷಿಯಲ್ಲಿ. "ಎಂಟು ತಿಂಗಳಾಗ್ಲಿ, ಟವೆಲ್ ಎಳೆದು ಹುಡುಕ್ತಾಳೆ ನೋಡಿ."

ಅವಳ ನಗು ನಿಂತಿತು. "ಅಮ್ಮ ಕಾಣದಿದ್ರೂ ಹಿಂಗೇನಾ?"

"ಒಂದೆರಡು ದಿನ ಅಳಬಹುದು. ಆಮೇಲೆ ಎತ್ತಿಕೊಂಡವರೇ ಅಮ್ಮ."

"ಎದೆಹಾಲು ಕುಡಿಯೋ ಮಗು ಕಣೇ, ಅಷ್ಟು ಸುಲಭಕ್ಕೆ ಮರೀತದಾ?"

"ಪುಸ್ತಕದಲ್ಲಿ ಹಂಗೇ ಇದೆ."

ಅವಳು ಮುಖದ ಮೇಲೆ ಸೆರಗು ಎಳೆದುಕೊಂಡು ಮಗುವಿನ ಎದುರು ಕುಳಿತಳು. ಆಟವೆಂದುಕೊಂಡು ನಾನೂ ಕಾದೆ. ನಮ್ಮಜ್ಜಿಯ ಕತೆಗಳಲ್ಲಿ ಕಾಗೆ ಒಯ್ದದ್ದೆಲ್ಲ ಕೊನೆಗೆ ಮರಳಿ ಬರುತ್ತಿತ್ತು. ಮಗು ಮಾತ್ರ ಕಾಲ್ಬೆರಳನ್ನು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿತು.

ಸೆರಗು ಸರಿಸದೆಯೇ ಅವಳು ಒಳಕೋಣೆಯತ್ತ ಕೂಗಿದಳು: "ಅಕ್ಕಾ, ನಿಮ್ಮ ಮಗಳನ್ನ ಇವತ್ತಿನ ಬಸ್ಸಿಗೇ ಕರ್ಕೊಂಡು ಹೋಗ್ಬಿಡಿ. ತಡ ಮಾಡಿದ್ರೆ ಹುಡುಕೋದು ಕಲ್ತುಬಿಡ್ತಾಳೆ."